‘ಶೋಕಿ’ ಪದ ಎಲ್ಲಿಂದ ಬಂತು?

ಪ್ರಶ್ನೆ:
ಮಿರಿಮಿರಿ ಅಂಗಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೆರೆಯುವುದಕ್ಕೆ ‘ಶೋಕಿ’ ಅಂತೀವಲ್ಲ, ಇದರ ಮೂಲ ಯಾವುದು? ಇಂಗ್ಲಿಷಿನ ‘ಷೋ’ಗೆ ‘ಕಿ’ ಸೇರಿ ಆಗಿದ್ದು ಅಂತ ಕೆಲವರು ಹೇಳ್ತಾರೆ. ಸಂಸ್ಕೃತದ ಶೋಕಕ್ಕೂ ಇದಕ್ಕೂ ನಂಟಿದೆಯಾ? ಬರೆಯುವಾಗ ಶ ಸರಿಯೋ, ಷ ಸರಿಯೋ?

ಉತ್ತರ 1:
ಎರಡೂ ಅಲ್ಲ. ಮೂಲ ಅರಬ್ಬಿಯ ‘ಶೌಕ್’, ಅಂದರೆ ಹಂಬಲ. ಪಾರಸಿ, ಹಿಂದೂಸ್ತಾನಿಗಳ ಮೂಲಕ ಬರುತ್ತಾ ಅದು ಅಭಿರುಚಿ, ಹವ್ಯಾಸ ಆಯಿತು. ಸಂಗೀತದ ಗೀಳಿರುವವನು ಹಿಂದಿಯಲ್ಲಿ ಇವತ್ತಿಗೂ ‘ಶೌಕೀನ್’. ಅಲ್ಲಿ ಬಟ್ಟೆಬರೆಯ ಮಾತು ಬರಲೇಬೇಕೆಂದಿಲ್ಲ. ಆಸೆಪಟ್ಟಿದ್ದಕ್ಕೆ ದುಡ್ಡು ಸುರಿಯುವವನ ಆಸೆ ಮೊದಲು ಕಣ್ಣಿಗೆ ಬೀಳುವುದು ಉಡುಪಿನಲ್ಲಿ, ಹಾಗಾಗಿ ಕನ್ನಡದಲ್ಲಿ ಅರ್ಥ ಅತ್ತ ವಾಲಿದೆ. ಹಳೆಯ ಅರ್ಥವೂ ಉಳಿದಿದೆ: ‘ಶೋಕಿಗೆ ಸಿಗರೇಟು ಸೇದ್ತಾನೆ’ ಅಂದರೆ ಚಟವಿಲ್ಲ, ಬರೀ ಮೋಜಿಗೆ ಅಂತ.

‘ಷೋ’ ವಾದ ನಿಲ್ಲುವುದಿಲ್ಲ. ಆ ‘ಕಿ’ಯನ್ನು ನಂಬಿಕೆ, ಹೆದರಿಕೆಯ ‘ಇಕೆ’ ಪ್ರತ್ಯಯ ಅಂದುಕೊಂಡರೂ, ಅದು ಹತ್ತುವುದು ಕನ್ನಡ ಧಾತುಗಳಿಗೆ. ಸಂಸ್ಕೃತದಲ್ಲಿ ‘ಶೋಕಿ’ ಅಂದರೆ ದುಃಖಿಸುವವನು. ಉಚ್ಚಾರ ಕೂಡಿಬಂದಿದೆ, ಅಷ್ಟೇ.

ಉತ್ತರ 2:
ಪಾರಸಿಯ ‘ಶೋಖ್’ ಅನ್ನೂ ನೋಡಬೇಕು. ತುಂಟ, ದಿಟ್ಟ ಎಂದರ್ಥ. ಕಣ್ಣು ಕುಕ್ಕುವ ಬಣ್ಣಕ್ಕೂ ಅದೇ ಮಾತು. ನಾಮಪದ ‘ಶೋಖಿ’. ದಖನಿಯಲ್ಲಿ, ಅಂದರೆ ದಕ್ಷಿಣದ ಉರ್ದುವಿನಲ್ಲಿ, ‘ಶೌಕ್’ನ ಕೊನೆಯ ಅಕ್ಷರ ‘ಖ್’ ಆಗುವುದರಿಂದ ಎರಡೂ ಕಿವಿಗೆ ಹೆಚ್ಚುಕಮ್ಮಿ ಒಂದೇ. ನಮ್ಮ ಆಡುಮಾತಿನಲ್ಲಂತೂ ಮಹಾಪ್ರಾಣ ಉದುರಿಹೋಗುತ್ತದೆ.

ಉತ್ತರ 1:
ಒಳ್ಳೆಯ ಅಂಶ. ಬಣ್ಣದ ಛಾಯೆ ಅಲ್ಲಿಂದ ಸೇರಿರಬಹುದು. ಆದರೆ ‘ಶೋಕ್ದಾರ್’ ಪದ ಗಮನಿಸಿ. ‘ದಾರ್’ ಅಂದರೆ ಉಳ್ಳವನು. ಅದು ನಾಮಪದಕ್ಕೆ ಹತ್ತುತ್ತದೆ, ಜಮೀನ್ದಾರ್ ಇದ್ದ ಹಾಗೆ. ‘ಶೋಖ್’ ಗುಣವಾಚಕ. ಆದ್ದರಿಂದ ಬುಡ ‘ಶೌಕ್’ ಅನ್ನುವುದೇ ನನ್ನ ತೀರ್ಮಾನ.

ಉತ್ತರ 3:
ಕಾಗುಣಿತದ ಬಗ್ಗೆ: ಮೂಲದ ಧ್ವನಿಗೆ ಶ ಹತ್ತಿರ. ಷರತ್ತು, ಷರಾ, ಖುಷಿ ಥರದ ಎರವಲು ಪದಗಳಿಗೆ ಷ ಬರೆಯುವ ರೂಢಿಯಿಂದ ‘ಷೋಕಿ’ಯೂ ಅಚ್ಚಾಗುತ್ತದೆ. ಎರಡೂ ನಡೆಯುತ್ತವೆ, ಒಂದೇ ಬರಹದಲ್ಲಿ ಬೆರೆಸಬೇಡಿ.

ಬಳಕೆಯಲ್ಲಿ ಎಡವುವುದೇ ಹೆಚ್ಚು. ಶೋಕಿ ಮೈಮೇಲೆ ಹಾಕಿಕೊಳ್ಳುವಂಥದ್ದು. ಠೀವಿ ನಿಲುವಿನಲ್ಲಿ, ನಡಿಗೆಯಲ್ಲಿರುತ್ತದೆ, ಅದಕ್ಕೆ ಹೊಸ ಬಟ್ಟೆ ಬೇಕಿಲ್ಲ. ಖದರ್ ಅರಬ್ಬಿಯ ‘ಕದ್ರ್’, ಅಂದರೆ ಬೆಲೆ, ಯೋಗ್ಯತೆ. ಹಾಗಾಗಿ ಅದು ಮೆಚ್ಚುಗೆ. ‘ಶೋಕಿಲಾಲ’ದಲ್ಲಿ ದುಡಿಯದೆ ಮೆರೆಯುವವನು ಅನ್ನುವ ಕುಟುಕು ಇದೆ. ಯಾರದ್ದಾದರೂ ಉಡುಪನ್ನು ನಿಜವಾಗಿ ಹೊಗಳುವುದಿದ್ದರೆ ‘ಸ್ಟೈಲಾಗಿದೆ’ ಅನ್ನಿ.