ಪದ ಬೇಕು: ವೇರಿಯಬಲ್ ಆರ್ಗ್ಯುಮೆಂಟ್ ಮೆಥಡ್

ಗೆಳೆಯರೇ, ನಮಸ್ಕಾರ.

ಪೈಥಾನ್‌ನಿಂದ ಜಾವಾ ಮೆಥಡ್‌ಗಳನ್ನು (ಹೆಸರಿಟ್ಟ ಕೋಡ್ ತುಣುಕುಗಳನ್ನು) ಕರೆಯುವ ಸೇತುವೆಯೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಕೊಡಬೇಕು. ಕರೆಯುವಾಗ ಎಷ್ಟು ಬೆಲೆ (ವ್ಯಾಲ್ಯೂ) ಬೇಕಾದರೂ ಕೊಡಬಹುದಾದ ಮೆಥಡ್‌ಗೆ, ಅಂದರೆ ವೇರಿಯಬಲ್ ಆರ್ಗ್ಯುಮೆಂಟ್ ಮೆಥಡ್‌ಗೆ, ಪದಪಟ್ಟಿಯಲ್ಲಿ 'ಚರ ನಿಯತಾಂಕ' ಅಂತಿದೆ. ಹೀಗೆ ಕೊಡುವ ಒಂದೊಂದು ಬೆಲೆಯೇ ಆರ್ಗ್ಯುಮೆಂಟ್. ನನಗೆ ಒಪ್ಪಿಗೆಯಾಗುತ್ತಿಲ್ಲ.

ಸಂದರ್ಭ ಇದು. ಬೆಲೆಗಳನ್ನು ಸೇರಿಸಿ ಪಠ್ಯ ಕಟ್ಟುವ ಜಾವಾ ಮೆಥಡ್ ಸ್ಟ್ರಿಂಗ್.ಫಾರ್ಮ್ಯಾಟ್‌ಗೆ ಎರಡು ಬೆಲೆ ಕೊಡಬಹುದು, ಹತ್ತೂ ಕೊಡಬಹುದು. 2004ರಲ್ಲಿ ಜಾವಾ 5ರ ಜೊತೆ ಬಂದ ಸೌಲಭ್ಯ. ಕೋಡನ್ನು ಯಂತ್ರಕ್ಕೆ ಒಗ್ಗಿಸುವ ಕಂಪೈಲರ್ ಅವನ್ನೆಲ್ಲ ಒಂದು ಅರೇಗೆ (ಬೆಲೆಗಳ ಸಾಲಿಗೆ) ತುಂಬಿ ಕಳಿಸುತ್ತದೆ. ಸೇತುವೆಯ ಮೂಲಕ ಬಂದಾಗ ಆ ಕಂಪೈಲರ್ ನಡುವೆ ಇರುವುದಿಲ್ಲ. ತುಂಬುವ ಕೆಲಸ ಸೇತುವೆಯೇ ಮಾಡಬೇಕು, ಇಲ್ಲವೇ ಕೋಡ್ ಬರೆಯುವವರು ಅರೇ ಕಟ್ಟಿ ಕೊಡಬೇಕು. ಒಂದೇ ಅರೇ ಕೊಟ್ಟರೆ ಅದು ಒಂದು ಆರ್ಗ್ಯುಮೆಂಟೋ, ಇಡೀ ಗುಂಪೋ ಅನ್ನುವ ಗೊಂದಲ ಬೇರೆ. ಪುಟಪುಟಕ್ಕೂ ಬರುವ ಪದ, ಚಿಕ್ಕದಾಗಿರಲಿ.

*

'ಚರ ನಿಯತಾಂಕ' ಕೈಬಿಡಿ. ನಿಯತ ಅಂದರೆ ಗೊತ್ತುಮಾಡಿಟ್ಟದ್ದು, ಬದಲಾಗದ್ದು. ಅದಕ್ಕೆ ಚರ ಸೇರಿಸಿದರೆ ಅರ್ಥ ನಿಲ್ಲುವುದಿಲ್ಲ. ಅದೂ ಅಲ್ಲದೆ ನಿಯತಾಂಕ ಪ್ಯಾರಾಮೀಟರ್‌ಗೆ (ಬಂದ ಬೆಲೆಗೆ ಮೆಥಡ್ ಒಳಗೆ ಇರುವ ಹೆಸರಿಗೆ) ಇರುವ ಪದ.

ಕನ್ನಡದ್ದೇ ಇದೆಯಲ್ಲ. ಉಡು–ಉಡುಗೆ, ತೊಡು–ತೊಡುಗೆ, ಕೊಡು–ಕೊಡುಗೆ. ಕರೆಯುವವರು ಕೊಡುವುದೇ ಕೊಡುಗೆ. 'ಹಲಗೊಡುಗೆ' ಅನ್ನಿ. ಕಕಾರ ಗಕಾರವಾಗಿ ಸಲೀಸಾಗಿ ಕೂಡುತ್ತದೆ.

*

ಹಲಗೊಡುಗೆ ಬೇಡ. ಮುಕ್ತ ತಂತ್ರಾಂಶದವರು 'ಕೊಡುಗೆದಾರರು' ಎಂಬುದನ್ನು ಆಗಲೇ ಬೇರೆ ಅರ್ಥದಲ್ಲಿ, ತಂತ್ರಾಂಶಕ್ಕೆ ದುಡಿದು ಕೊಡುವವರು ಎಂದು, ಬಳಸುತ್ತಿದ್ದಾರೆ. ಒಂದೇ ಕೈಪಿಡಿಯಲ್ಲಿ ಎರಡೂ ಬಂದರೆ ಓದುವವರ ಗತಿ? 'ಹಲ' ಕೂಡ ತಪ್ಪು. ಒಂದನ್ನೂ ಕೊಡದೆ ಕರೆಯಬಹುದು. ಬದಲಾಗುವುದು ಬೆಲೆಯಲ್ಲ, ಎಣಿಕೆ. ಪದ ಅದನ್ನು ಹೇಳಬೇಕು.

ಜೊತೆಗೆ ಇದಕ್ಕೊಂದು ಜೋಡಿಪದವೂ ಬೇಕು. ಬೇರೆ ಭಾಷೆಯ ಕೋಡನ್ನು ಕರೆಯಲು ನೆರವಾಗುವ ಲಿಬ್‌ಎಫ್‌ಎಫ್‌ಐ ಮೂಲಕ ಸಿ ಭಾಷೆಯಲ್ಲಿ ಪಠ್ಯ ಮುದ್ರಿಸುವ ಪ್ರಿಂಟ್‌ಎಫ್ ಕರೆಯುವಾಗ ನಿಗದಿಯಾದ (ಕೊಡಲೇಬೇಕಾದ) ಆರ್ಗ್ಯುಮೆಂಟ್ ಎಷ್ಟು, ಒಟ್ಟು ಎಷ್ಟು ಎಂದು ಎರಡನ್ನೂ ಹೇಳಬೇಕು. ಆಪಲ್‌ನ 64-ಬಿಟ್ ಆರ್ಮ್ ಯಂತ್ರಗಳಲ್ಲಂತೂ ನಿಗದಿಯಾದದ್ದು ರೆಜಿಸ್ಟರ್‌ಗೆ (ಪ್ರೊಸೆಸರ್ ಒಳಗಿನ ಜಾಗಕ್ಕೆ), ಉಳಿದವೆಲ್ಲ ಸ್ಟ್ಯಾಕಿಗೆ (ಮೆಮೊರಿಗೆ). ಹಾಗಾಗಿ 'ನಿಗದಿ ಆರ್ಗ್ಯುಮೆಂಟ್', 'ಎಣಿಕೆಮುಕ್ತ ಆರ್ಗ್ಯುಮೆಂಟ್'.

*

ಎಣಿಕೆಮುಕ್ತ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ಮೇಲೆ ಇಂಗ್ಲಿಷ್ ಬಾಲ. ಹೀಗೆ ಬಿಟ್ಟುಕೊಡುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ಬರೀ ವಿಭಕ್ತಿ ಪ್ರತ್ಯಯ.

*

ಮಳೆಗಾಲವೂ ಅರಿಸಮಾಸವೇ. ಯಾರಾದರೂ ಬಿಟ್ಟಿದ್ದಾರಾ? ನಿಗದಿ, ಅರ್ಜಿ, ವಕೀಲ ಎಲ್ಲವೂ ಹೊರಗಿನಿಂದ ಬಂದವು. ಪ್ರತ್ಯಯ ಹತ್ತಿತು, ನಮ್ಮವಾದವು. ಮೆಥಡ್ಡನ್ನು, ಮೆಥಡ್ಡಿಗೆ ಅಂತ ಹುಡುಗರು ದಿನಾ ಆಡುತ್ತಾರೆ. ಅವರಿಗೆ ಅರ್ಥವಾಗದ ಶುದ್ಧಪದವನ್ನು ಯಾರಿಗೋಸ್ಕರ ಕಟ್ಟುವುದು?

*

ಇಬ್ಬರಿಗೂ ಧನ್ಯವಾದ. 'ಎಣಿಕೆಮುಕ್ತ ಮೆಥಡ್', 'ನಿಗದಿ ಆರ್ಗ್ಯುಮೆಂಟ್' ಹಾಕುತ್ತಿದ್ದೇನೆ. 'ಎಣಿಕೆಮುಕ್ತ ಮೆಥಡ್‌ಗೆ ಒಂದೇ ಅರೇ ಕೊಟ್ಟರೆ ಸೇತುವೆ ಅದನ್ನು ಇಡೀ ಗುಂಪೆಂದು ತಿಳಿಯಬಹುದು' ಅಂತ ಬರೆದು ನೋಡಿದೆ, ಓದಲು ಎಡವುವುದಿಲ್ಲ.

ಇನ್ನೊಂದು ಉಳಿಯಿತು. ಪೈಥಾನ್‌ನಲ್ಲಿ ಲಿಸ್ಟಿನ ಮುಂದೆ ನಕ್ಷತ್ರ ಹಾಕಿ ಒಳಗಿರುವುದನ್ನು ಒಂದೊಂದಾಗಿ ಕೊಡುತ್ತೇವಲ್ವಾ, ಅದಕ್ಕೆ 'ಬಿಚ್ಚಿ ಕೊಡುವುದು' ಸಾಕಾ?