‘ಟ್ರೇಡ್’ ಅನ್ನುವುದಕ್ಕೆ ಏನು ಬರೆಯೋಣ?

ಬಳಗದವರಿಗೆ ನಮಸ್ಕಾರ. ಸೇನೆಯಲ್ಲಿ ಸೈನಿಕ ಕಲಿತು ಮಾಡುವ ಕೆಲಸಕ್ಕೆ ‘ಟ್ರೇಡ್’ ಅನ್ನುತ್ತಾರೆ; ಅದಕ್ಕೊಂದು ಕನ್ನಡ ಪದ ಹುಡುಕುತ್ತಿದ್ದೇನೆ.

ನಮ್ಮ ದೊಡ್ಡಪ್ಪನ ಮಗ ಹದಿನೇಳು ವರ್ಷ ಸೇನೆಯ ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಎಂಇ ದಳದಲ್ಲಿದ್ದು ಪಿಂಚಣಿ ಮೇಲೆ ಊರಿಗೆ ಬಂದಿದ್ದಾನೆ. ಸ್ಟಾಲಿಯನ್ ಲಾರಿ ಬಿಚ್ಚಿ ಜೋಡಿಸುವುದರಲ್ಲಿ ಪಳಗಿದ ಕೈ. ಅದು ಅಶೋಕ್ ಲೇಲ್ಯಾಂಡ್‌ನದು; ಅದೇ ಕಂಪನಿಯ ಬಸ್ಸು ನಮ್ಮ ಊರಿನ ಮುಂದೆಯೇ ಓಡಾಡುತ್ತವೆ. ಒಂದು ಗ್ಯಾರೇಜಿಗೆ ಅರ್ಜಿ ಹಾಕಬೇಕಾದಾಗ ಕನ್ನಡದಲ್ಲಿ ಬರೆದುಕೊಟ್ಟವನು ನಾನು. ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಕ್ರಾಫ್ಟ್ಸ್‌ಮನ್’ ಎಂದಿತ್ತು. ನಿಘಂಟು ನೋಡಿ ‘ಕುಶಲಕರ್ಮಿ’ ಎಂದು ಹಾಕಿದೆ. ಅಲ್ಲಿದ್ದ ಗುಮಾಸ್ತರು ಓದಿ, “ಏನ್ ಸಾರ್, ಮಿಲ್ಟ್ರೀಲಿ ಬುಟ್ಟಿ ಹೆಣೀತಿದ್ರಾ?” ಅಂದರಂತೆ. ಅಣ್ಣ ನಕ್ಕು ಹೇಳಿದ, ನನಗೆ ನಗು ಬರಲಿಲ್ಲ.

ತಪ್ಪು ನನ್ನದೇ. ಕ್ರಾಫ್ಟ್ಸ್‌ಮನ್ ಅನ್ನುವುದು ಕೆಲಸದ ಹೆಸರಲ್ಲ, ದರ್ಜೆ. ಕಾಲ್ದಳದಲ್ಲಿ ಸಿಪಾಯಿ ಅನ್ನುವವನನ್ನು ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್ ಅನ್ನುತ್ತಾರೆ, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್, ಫಿರಂಗಿ ದಳದಲ್ಲಿ ಗನ್ನರ್. ಬೆಂಗಳೂರಿನ ಹಲಸೂರು ಕಡೆಯವರಿಗೆ ಗೊತ್ತಿರುವ ಎಂಇಜಿ ಎಂಬ ಎಂಜಿನಿಯರ್ ದಳದಲ್ಲಿ ಸ್ಯಾಪರ್. ಒಬ್ಬ ಸ್ಯಾಪರ್ ಗಾರೆ ಕೆಲಸದವನಿರಬಹುದು, ಇನ್ನೊಬ್ಬ ವೆಲ್ಡರ್, ಮತ್ತೊಬ್ಬ ಬಡಗಿ. ದರ್ಜೆ ಒಂದೇ ಆದರೂ ಬೇರೆಬೇರೆಯಾದ ಈ ಕೆಲಸವೇ ಟ್ರೇಡ್. ಕೆಲಸ ಕೊಡುವವನಿಗೆ ಬೇಕಾದದ್ದು ಅದು. ಅರ್ಜಿಯಲ್ಲಿ ಎದ್ದು ಕಾಣುವುದು ದರ್ಜೆ. ಹಾಗೆಂದು ‘ಜವಾನ್’ ಎಂದು ಬರೆದೀರಿ ಜೋಕೆ! ಗಡಿಯ ಜವಾನ್ ನಮ್ಮ ಕಚೇರಿಯ ಕನ್ನಡಕ್ಕೆ ಬಂದರೆ ಫೈಲು ಹೊರುವ ಜವಾನನಾಗುತ್ತಾನೆ.

ಟ್ರೇಡ್‌ಗೆ ಏನನ್ನೋಣ? ‘ವ್ಯಾಪಾರ’ ಅಂತೂ ಆಗದು. ಐಟಿಐಗಳಲ್ಲಿ ‘ವೃತ್ತಿ’ ಎಂದು ಬರೆಯುವುದುಂಟು, ಆದರೆ ಅದರಲ್ಲಿ ವಕೀಲರೂ ಸೇರುತ್ತಾರೆ, ಕೈಗೆ ಗ್ರೀಸ್ ಹತ್ತಿದ ಗುರುತಿಲ್ಲ. ನನಗೆ ಇಷ್ಟ ‘ಕಸುಬು’. ಅರಬ್ಬಿಯಿಂದ ಬಂದ ಮಾತು, ಮೂಲದಲ್ಲಿ ಗಳಿಕೆ ಎಂದರ್ಥ. ತೊಡಕೆಂದರೆ ಕನ್ನಡದಲ್ಲಿ ಕಸುಬಿನ ಹಿಂದೆಯೇ ‘ಕುಲ’ ಬಂದು ನಿಲ್ಲುತ್ತದೆ. ಅಣ್ಣನ ಮನೆತನದಲ್ಲಿ ಸ್ಪ್ಯಾನರ್ ಹಿಡಿದವರೇ ಇಲ್ಲ. ಹತ್ತೊಂಬತ್ತರ ಪ್ರಾಯದಲ್ಲಿ ಸೇನೆ ಕಲಿಸಿದ್ದು. ಆದರೂ ‘ಕಸುಬುದಾರ’ ಎಂದರೆ ಕೆಲಸ ಬಲ್ಲವನು ಎಂಬ ಮರ್ಯಾದೆ ಇದೆಯಲ್ಲ?

ಇನ್ನು ‘ಟ್ರೇಡ್ ಕ್ಲಾಸ್ ಒನ್’. ಸೇನೆಯಲ್ಲಿ ಪರೀಕ್ಷೆ ಪಾಸು ಮಾಡುತ್ತ ಕೆಳಗಿನ ಕ್ಲಾಸಿನಿಂದ ಒಂದಕ್ಕೆ ಏರಬೇಕು, ಒಂದೇ ಮೇಲಿನದು. ‘ಒಂದನೇ ತರಗತಿ’ ಎಂದರೆ ಅ ಆ ಇ ಈ ನೆನಪಾಗುತ್ತದೆ. ‘ಕ್ಲಾಸ್ ಒನ್’ ಎಂದೇ ಬಿಟ್ಟರೆ ಗೆಜೆಟೆಡ್ ಅಧಿಕಾರಿಯೇನೋ ಎಂದು ಎದ್ದು ನಿಲ್ಲುತ್ತಾರೆ. ‘ಮೇಲ್ಮಟ್ಟದ ಪರಿಣತಿ (ಶ್ರೇಣಿ 1, ಎಲ್ಲಕ್ಕಿಂತ ಮೇಲಿನದು)’ ಎಂದು ಬಿಡಿಸಿ ಬರೆಯುವುದೇ ವಾಸಿ ಅನ್ನಿಸಿದೆ.

ಇನ್ನೊಂದು ಪದವೂ ಕಣ್ಣಿಗೆ ಚುಚ್ಚುತ್ತದೆ. ರಾಜ್ಯದಲ್ಲಿ ಇವರಿಗಾಗಿ ಇರುವುದು ‘ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ’. ಬಾಗಲಕೋಟೆ ಕಡೆಯವರನ್ನು ಕೇಳಿ, ಪುನರ್ವಸತಿ ಎಂದರೆ ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟವರದು. ನಮ್ಮಣ್ಣನ ಮನೆ ಇದ್ದಲ್ಲೇ ಇದೆ, ಹೊಸದಾಗಿ ಬೇಕಾಗಿರುವುದು ಕೆಲಸ.

ಈಗ ಅರ್ಜಿಯನ್ನು ಹೀಗೆ ತಿದ್ದಿದ್ದೇನೆ: ‘ದರ್ಜೆ: ಕ್ರಾಫ್ಟ್ಸ್‌ಮನ್ (ಸಿಪಾಯಿಗೆ ಸಮ). ಕಸುಬು: ಭಾರಿ ವಾಹನ ದುರಸ್ತಿ, ಡೀಸೆಲ್ ಎಂಜಿನ್, ಏರ್ ಬ್ರೇಕ್.’ ಕೊಡಗು, ಬೆಳಗಾವಿ ಕಡೆ ಮನೆಮನೆಯಲ್ಲೂ ಮಿಲ್ಟ್ರಿಯವರಿರುವ ಊರುಗಳಿವೆ. ಅಲ್ಲಿಯವರು ಮನೆಮಾತಿನಲ್ಲಿ ಟ್ರೇಡ್‌ಗೆ ಏನನ್ನುತ್ತೀರಿ? ‘ಟ್ರೇಡ್’ ಅಂತಲೇ ಅಂದರೂ ತಿಳಿಸಿ. ಸೋಮವಾರ ಮತ್ತೊಂದು ಕಡೆಗೆ ಅರ್ಜಿ ಹೋಗಬೇಕು.