ಹೋಸ್ಟ್‌ನೇಮ್‌ಗೆ ‘ಆತಿಥೇಯದ ಹೆಸರು’ ಒಪ್ಪುತ್ತದೆಯೇ?

ಬಲ್ಲವರಲ್ಲಿ ಒಂದು ವಿಚಾರಣೆ. ಶಿರಸಿಯ ಕನ್ನಡ ಶಾಲೆಯೊಂದರ ಗಣಕ ಕೊಠಡಿಗಾಗಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿನ ಯಂತ್ರಗಳಿಗೆ ನಮ್ಮ ಜಿಲ್ಲೆಯ ಹೊಳೆಗಳ ಹೆಸರು ಇಡಬೇಕೆಂದು ಮಕ್ಕಳೇ ಆರಿಸಿದ್ದಾರೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಆದರೆ ‘ಹೋಸ್ಟ್‌ನೇಮ್’ (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಹೆಸರು) ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿ ಕೈಪಿಡಿ ನಿಂತಿದೆ.

ಕನ್ನಡಕ್ಕೆ ಬಂದ ತಂತ್ರಾಂಶಗಳಲ್ಲಿ ಹೋಸ್ಟ್ ಎಂದರೆ ‘ಆತಿಥೇಯ’. ಕೆಲವರು ‘ಅತಿಥೇಯ’ ಎಂದೂ ಬರೆಯುತ್ತಾರೆ, ಅದು ತಪ್ಪು. ‘ಆತಿಥ್ಯ’ದ ಹಾಗೆ ಮೊದಲಕ್ಷರ ದೀರ್ಘವೇ ಆಗಬೇಕು. ಪದಕ್ಕೆ ಹಿನ್ನೆಲೆಯೇನೋ ಇದೆ. 1969ರ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಬರೆದ ಮೊತ್ತಮೊದಲ ಆರ್‌ಎಫ್‌ಸಿಯ (ನೆಟ್‌ವರ್ಕಿನ ರೀತಿನೀತಿ ಚರ್ಚಿಸುವ ಟಿಪ್ಪಣಿ) ತಲೆಬರಹವೇ ‘ಹೋಸ್ಟ್ ಸಾಫ್ಟ್‌ವೇರ್’. ಆಗಿನ ಒಂದೊಂದು ದೊಡ್ಡ ಗಣಕಕ್ಕೂ ಹಲವರು ಟರ್ಮಿನಲ್ ಮೂಲಕ ಬಂದು ಕೆಲಸ ಮಾಡಿಕೊಂಡು ಹೋಗುತ್ತಿದ್ದರು. ಬಂದವರಿಗೆ ಜಾಗ ಕೊಡುತ್ತಿದ್ದ ಯಂತ್ರ ನಿಜಕ್ಕೂ ಆತಿಥೇಯ. ಈಗ ಯಾರಿಗೂ ಏನನ್ನೂ ಬಡಿಸದ ಲ್ಯಾಪ್‌ಟಾಪಿಗೂ ಹೋಸ್ಟ್‌ನೇಮ್ ಇದೆ. ಇನ್ನೂ ತೊಡಕಿನದು ವರ್ಚುವಲ್ ಮಷಿನ್, ಅಂದರೆ ಒಂದು ಗಣಕದೊಳಗೆ ತಂತ್ರಾಂಶವಾಗಿ ನಡೆಯುವ ಇನ್ನೊಂದು ಗಣಕ. ಅಲ್ಲಿ ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್; ಆತಿಥೇಯ, ಅತಿಥಿ ಎಂಬ ಜೋಡಿ ಅಲ್ಲಿಗೆ ಹೇಳಿ ಮಾಡಿಸಿದಂತಿದೆ. ಆದರೆ ಒಳಗಿನ ಅತಿಥಿಗೂ ಒಂದು ಹೋಸ್ಟ್‌ನೇಮ್ ಇರುತ್ತದಲ್ಲ! ‘ಅತಿಥಿಯ ಆತಿಥೇಯನಾಮ’ ಎಂದು ಎಂಟನೇ ತರಗತಿಯವರಿಗೆ ಬರೆದುಕೊಡಲು ನನಗೆ ಮನಸ್ಸಿಲ್ಲ.

‘ಗಣಕದ ಹೆಸರು’ ಎನ್ನಬಹುದಿತ್ತು, ಆದರೆ ನೆಟ್‌ವರ್ಕಿನ ಪ್ರಿಂಟರಿಗೂ ರೌಟರಿಗೂ ಹೋಸ್ಟ್‌ನೇಮ್ ಉಂಟು. ಹಾಗಾಗಿ ‘ಯಂತ್ರದ ಹೆಸರು’ ಎಂಬುದೇ ನನ್ನ ಒಲವು. ಕಾರವಾರದಲ್ಲಿ ಗಣಕ ದುರಸ್ತಿ ಮಾಡುವ ಗೆಳೆಯರು ಕನ್ನಡದಲ್ಲಿ ಮಾತಾಡಲಿ, ಕೊಂಕಣಿಯಲ್ಲಿ ಮಾತಾಡಲಿ, ‘ಸಿಸ್ಟಮ್ ನೇಮ್’ ಎನ್ನುತ್ತಾರೆ. ಅದರ ಹತ್ತಿರಕ್ಕೂ ಇದು ಬರುತ್ತದೆ.

ಎರಡನೆಯ ಪ್ರಶ್ನೆ. ಸಿಸ್ಟಮ್‌ಡಿ (ಯಂತ್ರದ ಸೇವೆಗಳನ್ನು ಶುರುಮಾಡಿ ನಡೆಸುವ ತಂತ್ರಾಂಶ) ಇರುವ ಲಿನಕ್ಸಿನಲ್ಲಿ ಹೋಸ್ಟ್‌ನೇಮ್ ಮೂರು ಬಗೆ: ಸ್ಟ್ಯಾಟಿಕ್, ಟ್ರಾನ್ಸಿಯೆಂಟ್, ಪ್ರೆಟಿ. ಮೊದಲನೆಯದು ಇಟಿಸಿ ಕಡತಕೋಶದ ಹೋಸ್ಟ್‌ನೇಮ್ ಫೈಲಿನಲ್ಲಿ ಕೂತಿರುತ್ತದೆ, ಯಂತ್ರ ಆರಿಸಿ ಹೊತ್ತಿಸಿದರೂ ಹೋಗದು. ಎರಡನೆಯದನ್ನು ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಮೂಲಕ ನೆಟ್‌ವರ್ಕು ಕೊಡಬಹುದು, ಮರುಚಾಲನೆಯಾದರೆ ಅಳಿಯುತ್ತದೆ. ಇವೆರಡಕ್ಕೆ ‘ಕಾಯಂ’, ‘ಹಂಗಾಮಿ’ ಎಂದರೆ ಹೇಗೆ? ನೌಕರಿಯ ಮಾತಿನಲ್ಲಿ ಈ ಜೋಡಿ ಎಲ್ಲರಿಗೂ ಗೊತ್ತು. ‘ಸ್ಥಿರ’, ‘ಅಸ್ಥಿರ’ ಎಂದರೆ ಎರಡನೆಯದು ಅಲುಗಾಡುತ್ತಿದೆಯೇನೋ ಅನ್ನಿಸುತ್ತದೆ.

ಮೂರನೆಯದು ಕನ್ನಡದವರಿಗೆ ಮುಖ್ಯ. ಕಾಯಂ ಹೆಸರಿನಲ್ಲಿ ರೋಮನ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಇರಬೇಕು. ಉದ್ದ 64 ಅಕ್ಷರ ಮೀರುವಂತಿಲ್ಲ. ಅಲ್ಲಿ ಕಾಳಿಯ ಳಕಾರ ಉಳಿಯುವುದಿಲ್ಲ, ಕಾಳಿಯೂ ಕಲಿಯೂ ಒಂದೇ ಆಗುತ್ತವೆ. ಪ್ರೆಟಿ ಹೆಸರಿಗೆ ಯೂನಿಕೋಡ್ ನಡೆಯುತ್ತದೆ, ‘ಅಘನಾಶಿನಿ’ ಎಂದು ಕನ್ನಡದಲ್ಲೇ ಇಡಬಹುದು. ಇದನ್ನು ‘ಕರೆಯುವ ಹೆಸರು’ ಎಂದು ಮಿತ್ರರೊಬ್ಬರು ಸೂಚಿಸಿದರು. ಕೇಳಲು ಹಿತ, ಅರ್ಥ ಮಾತ್ರ ತಿರುವುಮುರುವು: ಬೇರೆ ಯಂತ್ರಗಳು ಒಂದು ಯಂತ್ರವನ್ನು ಕರೆಯುವುದು ಕಾಯಂ ಹೆಸರಿನಿಂದ, ಪ್ರೆಟಿ ಹೆಸರು ಮನುಷ್ಯರ ಕಣ್ಣಿಗಷ್ಟೇ. ‘ತೋರುಹೆಸರು’ ಎಂದು ಸದ್ಯಕ್ಕೆ ಬರೆದಿದ್ದೇನೆ.

ಕೊನೆಯದಾಗಿ ‘ರಿಸಾಲ್ವ್’, ಅಂದರೆ ಹೆಸರಿನಿಂದ ಯಂತ್ರದ ವಿಳಾಸ ಕಂಡುಹಿಡಿಯುವುದು. ಹೋಸ್ಟ್‌ನೇಮ್ ಬದಲಿಸಿ, ಇಟಿಸಿಯ ಹೋಸ್ಟ್ಸ್ ಫೈಲಿನಲ್ಲಿ 127.0.1.1ರ (ಯಂತ್ರ ತನ್ನನ್ನೇ ಸೂಚಿಸುವ ವಿಳಾಸ) ಎದುರಿನ ಹಳೆಯ ಹೆಸರನ್ನು ಹಾಗೆಯೇ ಬಿಟ್ಟರೆ, ಡೆಬಿಯನ್ ಎಂಬ ಲಿನಕ್ಸಿನಲ್ಲಿ ಸುಡೊ (ನಿರ್ವಾಹಕರ ಅಧಿಕಾರದಲ್ಲಿ ಕೆಲಸ ಮಾಡಿಸುವ) ಆದೇಶ ಕೊಟ್ಟಾಗ ‘ಅನೇಬಲ್ ಟು ರಿಸಾಲ್ವ್ ಹೋಸ್ಟ್’ ಎಂಬ ದೂರು ಕಾಣಬಹುದು. ಪದಕ್ಕೆ ಪದ ಇಟ್ಟು ‘ಆತಿಥೇಯವನ್ನು ಪರಿಹರಿಸಲಾಗಲಿಲ್ಲ’ ಎಂದರೆ ಯಾವ ಮಗುವಿಗೂ ಏನು ಮಾಡಬೇಕೆಂದು ಹೊಳೆಯದು. ‘ಈ ಹೆಸರಿನ ವಿಳಾಸ ಸಿಗಲಿಲ್ಲ’ ಎಂದರೆ ಎಲ್ಲಿ ಹುಡುಕಬೇಕೆಂದು ತಾನಾಗಿ ತಿಳಿಯುತ್ತದೆ. ಆದರೆ ‘ನೇಮ್ ರೆಸಲ್ಯೂಶನ್’ ಎಂಬ ನಾಮಪದಕ್ಕೆ ‘ವಿಳಾಸಶೋಧ’ ಬಿಟ್ಟು ಬೇರೇನೂ ನನಗೆ ಹೊಳೆದಿಲ್ಲ, ಅದು ಭಾರವಾಯಿತೆಂಬ ಅನುಮಾನವೂ ಇದೆ. ಕುಮಟಾ, ಅಂಕೋಲಾ ಕಡೆ ಲಿನಕ್ಸ್ ಕಲಿಸುವ ಮೇಷ್ಟ್ರುಗಳು ತರಗತಿಯಲ್ಲಿ ಇದಕ್ಕೆ ಏನು ಹೇಳುತ್ತೀರಿ?